ಕಾಲೇಜು ರಂಗದ ಹಾಸ್ಯ

ಕಾಲೇಜು ವಿದ್ಯಾರ್ಥಿಗಳ ಹಾಸ್ಯಸಂಜೆಗೆ ನಾಟಕವನ್ನು ಆರಿಸಬೇಕೆಂದೊಡನೆ ನಮ್ಮ ಗಡಿನಾಡಿನಲ್ಲಿಯೂ ಟಿ. ಪಿ. ಕೈಲಾಸಂ (1884–1946) ಅವರ ‘ಟೊಳ್ಳುಗಟ್ಟಿ’ಯ ಹೆಸರು ಬರುತ್ತದೆ. ಅದರ ಗಟ್ಟಿತನದಲ್ಲಿ ನಮಗೆ ಸಂದೇಹವಿಲ್ಲ. ಓದಿನ ಪುಟ್ಟುವಿಗಿಂತ, ಮನೆಗೆ ಬೆಂಕಿ ಬಿದ್ದಾಗ ಧಾವಿಸುವ ಮಾಧುವನ್ನು ಮೇಲೆಂದು ತೋರಿದ ಆ ನಾಟಕವು ಅಧ್ಯಾಪಕರಾದ ನಮ್ಮನ್ನೂ ಚುಚ್ಚದೆ ಬಿಡದು. ಆದರೆ ಅದರ ನಗೆಯ ಬಹುಪಾಲು ಇರುವುದು ಇಂಗ್ಲಿಷು ಬೆರೆತ ಹಳೆಯ ಮೈಸೂರು ಸೀಮೆಯ ಮನೆಮಾತಿನಲ್ಲಿ. ನಮ್ಮದೋ 1956ರವರೆಗೆ ಮದರಾಸಿಗೆ, ಆಮೇಲೆ ಕೇರಳಕ್ಕೆ ಸೇರಿದ ನೆಲ. ಬೋವಿಕಾನದ ಹುಡುಗನು ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಹವ್ಯಕ ಕನ್ನಡವನ್ನೋ ಆಡಿ, ಶಾಲೆಯಲ್ಲಿ ಪುಸ್ತಕದ ಕನ್ನಡವನ್ನು ಕಲಿತವನು. ಕೈಲಾಸಂ ಮುರಿದ ಶಬ್ದಗಳು ಅವನ ಕಿವಿಗೆ ವಿನೋದವಲ್ಲ, ಬರಿಯ ತಪ್ಪುಚ್ಚಾರ. ಕಂಠಪಾಠದಿಂದ ನಟನು ಗೆದ್ದಾನು, ಸಭೆ ನಗದು.

ತೆಂಕುತಿಟ್ಟಿನ ಹಾಸ್ಯಗಾರನನ್ನು ನೋಡಿರಿ. ದೂತನಾಗಲಿ ಬ್ರಾಹ್ಮಣನಾಗಲಿ, ಅವನಿಗೆ ಬರೆದಿಟ್ಟ ಮಾತಿಲ್ಲ. ಪ್ರಸಂಗದ ನಡೆಯನ್ನು ಬಲ್ಲ. ಎದುರಿನ ಅರಸನ ಗಂಭೀರವಾದ ಮಾತನ್ನು ಅಲ್ಲಿಯೇ ಹಿಡಿದು ತಿರುಚುತ್ತಾನೆ. (ಅರಸನೇ ನಕ್ಕನೋ, ಕೆಲಸ ಕೆಟ್ಟಿತು!) ಯಾರದಾದರೂ ಮನೆಮಾತನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸುವ ಚಾಳಿಯೊಂದನ್ನು ಮಾತ್ರ ನಾವು ಒಪ್ಪೆವು; ಆ ಮಾತನ್ನಾಡುವ ಹುಡುಗನು ಹಿಂದಿನ ಬೆಂಚಿನಲ್ಲಿಯೇ ಕುಳಿತಿರುತ್ತಾನೆ. ವಿದ್ಯಾರ್ಥಿಗಳು ಕೈಲಾಸಂ ಅವರಿಂದ ಕಥೆಯ ಕಟ್ಟನ್ನು ಕಲಿತು, ತಮ್ಮದೇ ಪ್ರಹಸನವೊಂದನ್ನು ಹೆಣೆಯಲಿ. ಅದರ ನಾಯಕನು ಮುಳಿಯಾರಿನ ಕನ್ನಡವನ್ನೇ ಆಡಲಿ.