ಗೊಮ್ಮಟಸಾರದ ವೇದವಿಚಾರ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಕ್ರಿ. ಶ. 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನ ನಿಮಿತ್ತವಾಗಿ ಪ್ರಾಕೃತದಲ್ಲಿ ರಚಿಸಿದ ಗೊಮ್ಮಟಸಾರವನ್ನು ಸಾಹಿತ್ಯಾಭ್ಯಾಸಿಗಳು ಕರ್ಮಗಣಿತದ ಗ್ರಂಥವೆಂದು ಬದಿಗಿರಿಸುವುದು ವಾಡಿಕೆ. ಆದರೆ ಅದರ ಜೀವಕಾಂಡದಲ್ಲಿರುವ ವೇದಮಾರ್ಗಣೆಯ ಕೆಲವು ಗಾಥೆಗಳು, ಲಿಂಗವು ದೇಹದಲ್ಲಿದೆಯೋ ಭಾವದಲ್ಲಿದೆಯೋ ಎಂಬ ಇಂದಿನ ವಿವಾದಕ್ಕೆ ನೇರವಾಗಿ ಸಂಬಂಧಿಸಿದವು.

ಇಲ್ಲಿ ವೇದವೆಂದರೆ ಶ್ರುತಿಯಲ್ಲ, ಮೈಥುನಾಭಿಲಾಷೆಯ ಭಾವ. ದೇಹದ ಸ್ತ್ರೀಪುರುಷಾಕಾರವು ನಾಮಕರ್ಮದ ಫಲ. ಅಭಿಲಾಷೆಯು ಮೋಹನೀಯಕರ್ಮದ ಫಲ. ಮೊದಲನೆಯದು ದ್ರವ್ಯವೇದ, ಎರಡನೆಯದು ಭಾವವೇದ. ಇವೆರಡೂ ಪ್ರಾಯಶಃ ಸಮವಾಗಿರುವುವು, ಕೆಲವೆಡೆ ವಿಷಮವಾಗಿಯೂ ಇರುವುವು ಎಂದು ಗ್ರಂಥಕಾರನ ಮತ. ದೇವ, ನಾರಕ, ಭೋಗಭೂಮಿಜರಲ್ಲಿ ಸಾಮ್ಯವೇ ನಿಯಮ. ಕರ್ಮಭೂಮಿಯ ಮನುಷ್ಯರಲ್ಲಿಯೂ ತಿರ್ಯಂಚರಲ್ಲಿಯೂ ವೈಷಮ್ಯವುಂಟೆಂದು ವ್ಯಾಖ್ಯಾನಪರಂಪರೆಯು ವಿವರಿಸುತ್ತದೆ. ಈ ಪರಂಪರೆಯಲ್ಲಿ 1359ರಲ್ಲಿ ಕೇಶವವರ್ಣಿಯು ಬರೆದ ಜೀವತತ್ತ್ವಪ್ರದೀಪಿಕೆಯು ಸಂಸ್ಕೃತಭೂಯಿಷ್ಠವಾದರೂ ಕನ್ನಡದ್ದೇ. ಇದಕ್ಕೂ ಹಿಂದೆ, 816ರಲ್ಲಿ ಮುಗಿದ ಧವಲಾಟೀಕೆಯಲ್ಲಿ ವೀರಸೇನನು, ವೇದಗಳು ಕ್ರೋಧಾದಿ ಕಷಾಯಗಳಂತೆ ಅಂತರ್ಮುಹೂರ್ತದಲ್ಲಿ ಅಳಿಯುವುವಲ್ಲ, ಹುಟ್ಟಿನಿಂದ ಸಾವಿನವರೆಗೆ ನಿಲ್ಲುವುವು ಎಂದಿರುವನು. ಸ್ವಲಿಂಗಾನುರಾಗವನ್ನು ಸಹವಾಸದೋಷವೆಂದು ತಳ್ಳಿಹಾಕುವ ಪಂಡಿತರು ಈ ಮಾತನ್ನು ಓದಿರಲಾರರು.

ಇಷ್ಟರಿಂದಲೇ, ದೇಹಕ್ಕಿಂತ ಮನಸ್ಸಿನ ಲಿಂಗಕ್ಕೆ ಪ್ರಾಧಾನ್ಯವಿತ್ತ ಸರ್ವೋಚ್ಚ ನ್ಯಾಯಾಲಯದ 2014ರ ತೀರ್ಪಿನ ತತ್ತ್ವವೆಲ್ಲ ಇಲ್ಲಿಯೇ ಅಡಗಿದೆ ಎಂದು ಹಿಗ್ಗುವುದು ಅವಸರದ ಮಾತಾದೀತು. ಸ್ತ್ರೀವೇದದ ಲಕ್ಷಣವೇ ಪುರುಷಾಭಿಲಾಷೆ. ಆದ್ದರಿಂದ ಪುರುಷನನ್ನು ಬಯಸುವ ಪುರುಷನು ಭಾವದಲ್ಲಿ ಸ್ತ್ರೀಯೆಂದೇ ಗಣಿತನಾಗುವನು. ತನ್ನನ್ನು ಪುರುಷನೆಂದೇ ತಿಳಿದು ಪುರುಷನಲ್ಲಿ ಅನುರಕ್ತನಾದವನಿಗೆ ಈ ವಿಭಾಗದಲ್ಲಿ ಎಡೆಯಿಲ್ಲ. ಯಾರನ್ನು ಬಯಸುವುದು, ತಾನು ಯಾರೆಂದು ಅರಿಯುವುದು ಎಂಬ ಎರಡು ಸಂಗತಿಗಳು ಇಲ್ಲಿ ಒಂದಾಗಿ ಬೆಸೆದಿವೆ. ಮೊದಲ ಗಾಥೆಯ ಸಮದೃಷ್ಟಿಯೂ ಮುಂದೆ ಉಳಿಯುವುದಿಲ್ಲ. ನಿರುಕ್ತಿಯ ನೆಪದಲ್ಲಿ ಪುರುಷನಿಗೆ ಸ್ತುತಿ, ಸ್ತ್ರೀಗೆ ನಿಂದೆ. ಮೂರು ವೇದಗಳಿಗೂ ಬೆಂಕಿಯೇ ಉಪಮಾನ: ಪುಂವೇದಕ್ಕೆ ಹುಲ್ಲಿನ ಬೆಂಕಿ, ಸ್ತ್ರೀವೇದಕ್ಕೆ ಬೆರಣಿಯ ಬೆಂಕಿ, ನಪುಂಸಕವೇದಕ್ಕೆ ಇಟ್ಟಿಗೆಯ ಆವಿಗೆ. ಮೂರನೆಯವನನ್ನು ಕಲುಷಚಿತ್ತನೆಂದೂ ಕರೆದಿದೆ. ಆದರೂ ಉಪಾಧ್ಯಾಯರು ನಪುಂಸಕಶಬ್ದಕ್ಕೆ ನಿರ್ವೀರ್ಯನೆಂಬ ಒಂದೇ ಅರ್ಥವನ್ನು ಹೇಳಿಕೊಡುವುದು ಈ ಶಾಸ್ತ್ರಕ್ಕೆ ವಿರುದ್ಧ; ಇಲ್ಲಿ ಅದು ಅಭಿಲಾಷೆಯ ಅಭಾವವಲ್ಲ, ಉಭಯಾಭಿಲಾಷೆಯ ತೀವ್ರತೆ.

ಈ ಭೇದವನ್ನು ಯಾವ ಕಾರ್ಯಕ್ಕೆ ಬಳಸಿದರೆಂಬುದು ಇನ್ನೂ ಗಂಭೀರವಾದ ವಿಷಯ. ಮನುಷ್ಯಿಣಿಯರಿಗೆ ಹದಿನಾಲ್ಕು ಗುಣಸ್ಥಾನಗಳೂ ಉಂಟೆಂದು ಷಟ್ಖಂಡಾಗಮದಲ್ಲಿದೆ. ಸ್ತ್ರೀಮುಕ್ತಿಯನ್ನೊಪ್ಪದ ದಿಗಂಬರ ವ್ಯಾಖ್ಯಾನವು, ಅಲ್ಲಿ ಹೇಳಿದ ಸ್ತ್ರೀ ಭಾವಸ್ತ್ರೀಯೇ, ಅವಳ ದೇಹ ಪುರುಷನದೇ ಎಂದು ಅರ್ಥಮಾಡಿತು. ಪುರುಷದೇಹದ ಸ್ತ್ರೀಭಾವಕ್ಕೆ ಮೋಕ್ಷದ ಬಾಗಿಲು ತೆರೆಯಿತು; ಸ್ತ್ರೀದೇಹಕ್ಕೆ ಅದೇ ವಾಕ್ಯದಿಂದ ಮುಚ್ಚಿತು. ಅಮೋಘವರ್ಷನ ಕಾಲದ ಯಾಪನೀಯ ವೈಯಾಕರಣ ಶಾಕಟಾಯನನು ಸ್ತ್ರೀನಿರ್ವಾಣಪ್ರಕರಣದಲ್ಲಿ ಇಂಥ ಅರ್ಥವನ್ನು ಒಪ್ಪದೆ, ಸ್ತ್ರೀಶಬ್ದವನ್ನು ಲೋಕಪ್ರಸಿದ್ಧವಾದ ಮುಖ್ಯಾರ್ಥದಲ್ಲಿಯೇ ತೆಗೆದುಕೊಳ್ಳಬೇಕೆಂದು ವಾದಿಸಿದನು. ದಕ್ಷಿಣ ಕನ್ನಡದ ನೆಲ್ಲಿಕಾರಿನವರಾದ ಪದ್ಮನಾಭ ಜೈನಿಯವರು 1991ರಲ್ಲಿ ಈ ಪ್ರಕರಣವನ್ನು ಇಂಗ್ಲಿಷಿಗೆ ತಂದರು. ನೇಮಿಚಂದ್ರನ ಗಾಥೆಗಳನ್ನು ಪ್ರಶಂಸಿಸುವವರು ಶಾಕಟಾಯನನ ಆಕ್ಷೇಪವನ್ನೂ ಮಗ್ಗುಲಲ್ಲಿಟ್ಟುಕೊಂಡು ಓದಬೇಕು. ಭಾವವನ್ನು ಮನ್ನಿಸಿದ ಶಾಸ್ತ್ರವೇ ದೇಹದ ಹೆಣ್ಣನ್ನು ಹೊರಗಿರಿಸಿತೆಂಬುದಕ್ಕೆ ಅವನಷ್ಟು ಸಮೀಪದ ಸಾಕ್ಷಿ ಮತ್ತೊಬ್ಬನಿಲ್ಲ.