ರಾಷ್ಟ್ರೋತ್ಸವವೂ ವಿದೂಷಕನೂ

ದೇಶವನ್ನೂ ದೇಶದ ಪರ್ವದಿನಗಳನ್ನೂ ಕುರಿತು ಹಾಸ್ಯಗಾರರು ಆಡುವ ಕಟಕಿಯ ಮಾತು ದೇಶದ್ರೋಹವೆನಿಸುವುದೇ ಇಲ್ಲವೇ ಎಂಬ ವಿವಾದವು ಈಚಿನ ವರ್ಷಗಳಲ್ಲಿ ನ್ಯಾಯಸ್ಥಾನಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಪದೇ ಪದೇ ತಲೆದೋರಿದೆ. ಇದು ರಾಜಕಾರಣಕ್ಕೆ ಸೇರಿದ ವಿಷಯವೆಂದು ಸಾಹಿತ್ಯವ್ಯಾಸಂಗಿಗಳು ಇದನ್ನು ಬದಿಗಿರಿಸುವುದುಂಟು. ಆದರೆ ಒಂದು ಹಾಸ್ಯವಾಕ್ಯವು ಯಾರನ್ನು ಕುರಿತು ನಗುತ್ತದೆ, ಅದರ ವಾಚ್ಯಾರ್ಥಕ್ಕಿಂತ ಬೇರೆಯಾದ ವ್ಯಂಗ್ಯಾರ್ಥವಾವುದು, ಅದರ ತಾತ್ಪರ್ಯವನ್ನು ನಿಶ್ಚಯಿಸುವ ಕ್ರಮವೇನು ಎಂಬ ಪ್ರಶ್ನೆಗಳು ಅಲಂಕಾರಶಾಸ್ತ್ರಕ್ಕೂ ಮೀಮಾಂಸೆಗೂ ಸೇರಿದವು. ಆ ಶಾಸ್ತ್ರಗಳನ್ನು ಪಾಠ ಹೇಳುವ ನಾವು ಸುಮ್ಮನಿದ್ದರೆ, ವಾಕ್ಯಾರ್ಥನಿರ್ಣಯದ ಭಾರವು ಪೊಲೀಸು ಠಾಣೆಗೆ ಬೀಳುತ್ತದೆ. ಆದಕಾರಣ ಈ ಲೇಖನ.

ಈ ವಿಚಾರವು ನನ್ನ ಮನಸ್ಸಿನಲ್ಲಿ ಹುಟ್ಟಿದ ಸಂದರ್ಭವನ್ನು ಮೊದಲು ಅರಿಕೆಮಾಡುತ್ತೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ತಾಲ್ಲೂಕುಗಳನ್ನೊಳಗೊಂಡ ದಾವಣಗೆರೆ ಜಿಲ್ಲೆಯು ಸ್ವಾತಂತ್ರ್ಯದ ಸುವರ್ಣೋತ್ಸವದ ವರ್ಷವಾದ 1997ರ ಆಗಸ್ಟ್ 15ರಂದೇ ಅಸ್ತಿತ್ವಕ್ಕೆ ಬಂದಿತು. ಹೀಗಾಗಿ ಆ ದಿನವು ನಮಗೆ ಎರಡು ಬಗೆಯಲ್ಲಿ ಪರ್ವದಿನ. ಕೆಲವು ವರ್ಷಗಳ ಹಿಂದೆ ಅಂಥ ಒಂದು ದಿನದ ರಾತ್ರಿ ಜಗಳೂರು ಸೀಮೆಯ ಗ್ರಾಮವೊಂದರಲ್ಲಿ ಬಯಲಾಟವಿತ್ತು. ಮೂಡಲಪಾಯದ ಆಟಗಳಲ್ಲಿ ಸಾರಥಿಯೆಂಬ ಹಾಸ್ಯಪಾತ್ರವು ಬಂದ ರಾಜನನ್ನೆಲ್ಲ ನೀನಾರು, ನಿನ್ನ ಊರಾವುದು, ಬಂದ ಕಾರಣವೇನು ಎಂದು ಕೇಳಿ ಮಾತಿಗೆಳೆಯುವುದು ವಾಚಕರಿಗೆ ತಿಳಿದೇ ಇದೆ. ಆ ರಾತ್ರಿ ಸಾರಥಿಯು ರಾಜನಿಗೆ, "ಮಹಾಪ್ರಭು, ಬಾವುಟದ ಹಗ್ಗ ವರ್ಷ ವರ್ಷವೂ ಹೊಸದು ಬರುತ್ತದೆ, ನಮ್ಮ ಬಾವಿಯ ಹಗ್ಗಕ್ಕೆ ಮಾತ್ರ ಇನ್ನೂ ಸ್ವಾತಂತ್ರ್ಯ ಬಂದಿಲ್ಲ" ಎಂದನು. ಮಳೆ ಕಡಮೆಯಾದ ಆ ಸೀಮೆಯ ಜನ ಬಿದ್ದು ಬಿದ್ದು ನಕ್ಕರು. ನನ್ನ ಪಕ್ಕದಲ್ಲಿದ್ದ ವೃದ್ಧರೊಬ್ಬರು ಮಾತ್ರ ನಗಲಿಲ್ಲ. "ಈ ದಿನ ಈ ಮಾತು ಆಡಬಾರದಾಗಿತ್ತು" ಎಂದು ಮೆಲ್ಲನೆ ನುಡಿದು ಎದ್ದು ಹೋದರು. ನಕ್ಕವರಲ್ಲಿ ನಾನೂ ಒಬ್ಬನು. ಆದರೂ ಎದ್ದುಹೋದ ಆ ವೃದ್ಧರನ್ನು ಅರಸಿಕರೆಂದು ತಳ್ಳಿಹಾಕಲು ನನ್ನಿಂದ ಇಂದಿಗೂ ಆಗಿಲ್ಲ.

ಅವರ ಪಕ್ಷವನ್ನೇ ಪೂರ್ವಪಕ್ಷವಾಗಿ ಹಿಡಿಯೋಣ. ಹೊನ್ನಾಳಿ ಸೀಮೆಗೆ ನೆರೆಯಾದ ಶಿಕಾರಿಪುರ ತಾಲ್ಲೂಕಿನ ಈಸೂರಿನವರು 1942ರಲ್ಲಿ ತಮ್ಮ ಗ್ರಾಮವನ್ನು ಸ್ವತಂತ್ರವೆಂದು ಸಾರಿದರು. 1943ರಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ಇಂಥವರ ಸ್ಮರಣೆಗಾಗಿ ಮೀಸಲಾದ ದಿನವು ಶ್ರಾದ್ಧದಿನದಂತೆ ಪವಿತ್ರವಾದುದು. ಶ್ರಾದ್ಧದ ಪಂಕ್ತಿಯಲ್ಲಿ ಕುಳಿತು ಮನೆಯ ಸಾಲದ ಮಾತನ್ನಾಡುವುದು ನಿಜವನ್ನೇ ಆಡಿದರೂ ಅನುಚಿತವಲ್ಲವೇ? ಸರ್ಕಾರದ ಲೋಪಗಳನ್ನು ಆಡಿತೋರಿಸಲು ವರ್ಷದಲ್ಲಿ ಬೇರೆ ದಿನಗಳು ಬೇಕಾದಷ್ಟಿವೆ. ಅದೊಂದು ದಿನವನ್ನೇ ಆರಿಸಿ ನಗುವವನ ಮನಸ್ಸಿನಲ್ಲಿ ದೇಶದ ಮೇಲೆ ಪ್ರೀತಿಯಿದೆಯೆಂದು ನಂಬುವುದು ಹೇಗೆ? ಈ ಆಕ್ಷೇಪಣೆಯು ಬಲವಾದುದು. ಕೇವಲ ಅಧಿಕಾರಿಗಳ ಭಯದಿಂದ ಹುಟ್ಟಿದುದಲ್ಲ.

ಇದಕ್ಕೆ ಸಮಾಧಾನವನ್ನು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೇ ಹುಡುಕಬಹುದು. ಭರತಮುನಿಯು ಹೇಳುವ ಕಥೆಯಂತೆ ಲೋಕದ ಪ್ರಥಮ ನಾಟಕವು ಪ್ರಯೋಗವಾದುದು ಒಂದು ಧ್ವಜೋತ್ಸವದಲ್ಲಿ. ಅಸುರರನ್ನು ಗೆದ್ದ ಇಂದ್ರನ ವಿಜಯಸ್ಮರಣೆಗಾಗಿ ನಡೆದ ಆ ಉತ್ಸವದಲ್ಲಿ ದೈತ್ಯರು ಸೋತ ಬಗೆಯನ್ನು ಭರತಪುತ್ರರು ಅನುಕರಿಸಿ ತೋರಿಸಿದರು. ನೋಡುತ್ತಿದ್ದ ದೈತ್ಯರು ಕೆರಳಿದರು. ವಿರೂಪಾಕ್ಷನನ್ನು ಮುಂದಿಟ್ಟುಕೊಂಡು ವಿಘ್ನರು ನಟರ ಮಾತನ್ನೂ ಚಲನೆಯನ್ನೂ ಸ್ಮರಣೆಯನ್ನೂ ಸ್ತಂಭಗೊಳಿಸಿದರು. ಇಂದ್ರನು ಧ್ವಜದಂಡವನ್ನೇ ಕಿತ್ತುಕೊಂಡು ಅವರನ್ನು ಜರ್ಜರಗೊಳಿಸಿದನು. ಆ ದಂಡಕ್ಕೆ ಜರ್ಜರವೆಂಬ ಹೆಸರಾಯಿತು. ಆದರೆ ದಂಡದಿಂದ ವಿಘ್ನವು ಮುಗಿಯಲಿಲ್ಲ. ಕೊನೆಗೆ ಬ್ರಹ್ಮನು ಸಾಮೋಪಾಯವನ್ನು ಹಿಡಿದು ವಿರೂಪಾಕ್ಷನೊಡನೆ ಮಾತನಾಡಿದನು. ನಾಟ್ಯವು ದೇವತೆಗಳೊಬ್ಬರದೇ ಅಲ್ಲ, ದೈತ್ಯರೊಬ್ಬರದೇ ಅಲ್ಲ, ಮೂರು ಲೋಕದವರ ಭಾವಗಳ ಅನುಕೀರ್ತನವೆಂದು ತಿಳಿಯಹೇಳಿದನು.

ಈ ಕಥೆಯಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದು, ಧ್ವಜೋತ್ಸವಕ್ಕೂ ನಾಟ್ಯಕ್ಕೂ ಇರುವ ಸಂಬಂಧವು ಆಕಸ್ಮಿಕವಲ್ಲ. ಉತ್ಸವದ ದಿನವೇ ನಾಟ್ಯದ ಹುಟ್ಟುದಿನ. ಎರಡನೆಯದು, ಗೆದ್ದವರ ಸಂತೋಷವನ್ನು ಮಾತ್ರ ತೋರಿಸುವ ನಾಟಕಕ್ಕೆ ಸಹಜವಾಗಿಯೇ ವಿಘ್ನ ಬರುತ್ತದೆ. ಉತ್ಸವದಲ್ಲಿ ತನ್ನ ಪಾಲನ್ನು ಕಾಣದವನಿಗೂ ಸ್ಥಳವಿದೆಯೆಂಬ ಉತ್ತರದಿಂದಲೇ ಅದು ಶಮನವಾಗುತ್ತದೆ. ಇಂದ್ರನ ಕೈಯಲ್ಲಿದ್ದುದು ಧ್ವಜದ ಕೋಲು. ನಾಟ್ಯವನ್ನು ಉಳಿಸಿದ್ದು ಬ್ರಹ್ಮನ ಮಾತು.

ಇನ್ನು ಹಾಸ್ಯರಸದ ವಿಭಾವಗಳನ್ನು ನೋಡಿದರೆ, ವಿಕೃತವೇಷ, ಧಾರ್ಷ್ಟ್ಯ, ಲೌಲ್ಯ, ಅಸತ್ಪ್ರಲಾಪ ಮೊದಲಾದುವುಗಳ ಜೊತೆಯಲ್ಲಿ ದೋಷೋದಾಹರಣವೆಂಬುದನ್ನೂ ಭರತನು ಎಣಿಸಿದ್ದಾನೆ. ಅಂದರೆ ದೋಷವನ್ನು ಎತ್ತಿ ಹೇಳುವುದು ಹಾಸ್ಯದ ಅಪಚಾರವಲ್ಲ, ಅದರ ಕಾರಣಸಾಮಗ್ರಿಯೇ ಆಗಿದೆ. ಹಾಗಾದರೆ ವಿಚಾರಿಸಬೇಕಾದುದು ದೋಷವನ್ನು ಹೇಳಿದನೇ ಇಲ್ಲವೇ ಎಂಬುದನ್ನಲ್ಲ. ಆ ನಗುವಿಗೆ ಆಲಂಬನ ಯಾವುದು ಎಂಬುದನ್ನು. ಜಗಳೂರಿನ ಸಾರಥಿಯ ಮಾತಿನಲ್ಲಿ ಬಾವುಟವು ಆಲಂಬನವಲ್ಲ. ಎರಡು ಹಗ್ಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿ, ಒಂದನ್ನು ನೆನೆದು ಮತ್ತೊಂದನ್ನು ಮರೆತವನನ್ನು ಅದು ನಗುತ್ತದೆ. ಬಾವುಟದ ಮೇಲೆ ಗೌರವವೇ ಇಲ್ಲದವನಿಗೆ ಈ ತುಲನೆಯು ಹಾಸ್ಯವನ್ನು ಹುಟ್ಟಿಸಲಾರದು. ಎರಡೂ ಬರೀ ಹಗ್ಗಗಳೆಂದು ಸುಮ್ಮನಾದಾನು. ಸ್ವಾತಂತ್ರ್ಯವೆಂಬುದು ದೊಡ್ಡ ವಸ್ತುವೆಂದು ವಕ್ತೃವೂ ಶ್ರೋತೃಗಳೂ ಒಪ್ಪಿರುವುದರಿಂದಲೇ ಬಾವಿಯ ಹಗ್ಗಕ್ಕೆ ಅದು ದೊರೆಯದಿರುವುದು ನಗೆಗೆ ಈಡಾಯಿತು. ಹೀಗೆ ಶ್ರದ್ಧೆಯು ಆ ಹಾಸ್ಯದ ಒಳಗೇ ಅಡಗಿದೆ.

ಭಕ್ತಿಯೆಂಬ ಪದವನ್ನೇ ಹಿಡಿದು ನೋಡಿದರೂ ಇದೇ ತೋರುತ್ತದೆ. ನಮ್ಮ ಹರಿದಾಸರಲ್ಲಿ ನಿಂದಾಸ್ತುತಿಯೆಂಬ ಪ್ರಕಾರವಿದೆ. ದೇವರನ್ನು ಕಳ್ಳನೆಂದೂ ವಂಚಕನೆಂದೂ ಕರೆದ ಆ ಹಾಡುಗಳನ್ನು ದೇವಾಲಯದಲ್ಲಿಯೇ, ಉತ್ಸವದ ದಿನವೇ ಹಾಡುತ್ತಾರೆ. ಅವನ್ನು ನಾಸ್ತಿಕ್ಯವೆಂದು ಯಾವ ಆಚಾರ್ಯರೂ ಹೇಳಿಲ್ಲ. ಸಲಿಗೆಯು ಭಕ್ತಿಯ ಒಂದು ಪರಿಯೆಂದು ದೇವರ ವಿಷಯದಲ್ಲಿ ಒಪ್ಪಿದ ಮೇಲೆ, ದೇಶಭಕ್ತಿಯಲ್ಲಿ ಮಾತ್ರ ಸಲಿಗೆಗೆ ಎಡೆಯಿಲ್ಲವೆನ್ನುವುದಕ್ಕೆ ಯುಕ್ತಿಯಾವುದು? ದಾಸರ ಭಕ್ತಿ ಪ್ರಸಿದ್ಧವಾದುದು, ಹಾಸ್ಯಗಾರನದು ಹಾಗಲ್ಲವೆಂದರೆ, ಉತ್ತರವಿಷ್ಟೆ: ಅಂತರಂಗದ ಭಕ್ತಿಯನ್ನು ಅಳೆಯುವ ಮಾಪಕವು ಯಾರಲ್ಲಿಯೂ ಇಲ್ಲ, ವಾಕ್ಯದ ತಾತ್ಪರ್ಯವನ್ನು ಅಳೆಯುವ ಮಾಪಕವು ಉಂಟು. ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳಿಂದ ತಾತ್ಪರ್ಯವನ್ನು ನಿರ್ಣಯಿಸಬೇಕೆಂದು ನಮ್ಮವರು ವಿಧಿಸಿದ್ದಾರೆ. 2021ರ ನವೆಂಬರಿನಲ್ಲಿ ವೀರ್ ದಾಸ್ ಎಂಬ ಹಾಸ್ಯಗಾರರು ವಾಷಿಂಗ್ಟನ್ ನಗರದಲ್ಲಿ ಎರಡು ಭಾರತಗಳಿವೆಯೆಂಬ ಭಾವದ ಮಾತುಗಳನ್ನಾಡಿದಾಗ, ಮೊದಲು ಕೊನೆಗಳನ್ನು ಕತ್ತರಿಸಿದ ತುಣುಕುಗಳು ಮೊಬೈಲುಗಳಲ್ಲಿ ಹರಿದಾಡಿದವು, ದೂರುಗಳು ದಾಖಲಾದವು, 2022ರ ನವೆಂಬರಿನಲ್ಲಿ ಬೆಂಗಳೂರಿನ ಅವರ ಕಾರ್ಯಕ್ರಮವು ಆಕ್ಷೇಪಣೆಯ ಕಾರಣದಿಂದ ರದ್ದಾಯಿತು. ಆ ಮಾತುಗಳು ಸರಸವೋ ನೀರಸವೋ ಎಂಬುದು ಬೇರೆ ವಿಚಾರ. ಉಪಕ್ರಮೋಪಸಂಹಾರಗಳನ್ನು ಬಿಟ್ಟು ನಡುವಣ ವಾಕ್ಯದಿಂದ ತಾತ್ಪರ್ಯವನ್ನು ಹೇಳಿದ ವಿದ್ಯಾರ್ಥಿಗೆ ನಾವು ಪರೀಕ್ಷೆಯಲ್ಲಿ ಅಂಕ ಕೊಡುವುದಿಲ್ಲವೆಂಬುದನ್ನು ಮಾತ್ರ ಇಲ್ಲಿ ಜ್ಞಾಪಿಸುತ್ತೇನೆ.

ಕನ್ನಡದಲ್ಲಿ ಈ ವಿಷಯಕ್ಕೆ ಅತ್ಯಂತ ಸಮೀಪವಾದ ನಿದರ್ಶನವು ಕವಿ ಸಿದ್ಧಲಿಂಗಯ್ಯನವರದು. 1947ರಲ್ಲಿ ಬಂದ ಸ್ವಾತಂತ್ರ್ಯವು ಬಡವನ ಗುಡಿಸಲನ್ನು ಮುಟ್ಟಲಿಲ್ಲವೆಂಬ ಆಶಯದ ಅವರ ಹಾಡು ದಲಿತ ಚಳುವಳಿಯ ಸಭೆಗಳಲ್ಲಿ ಸಾವಿರಾರು ಕಂಠಗಳಿಂದ ಹೊಮ್ಮಿತು. ಅದರಲ್ಲಿರುವುದು ನಗೆಯಲ್ಲ, ಉರಿ. ಆದರೆ ಅದೇ ಕವಿಯ ಆತ್ಮಕಥನವಾದ 'ಊರುಕೇರಿ'ಯನ್ನು ಓದಿದವರಿಗೆ ಆ ಉರಿಯೇ ಹೇಗೆ ವಿನೋದವಾಗಿ ಪರಿಣಮಿಸಿತೆಂಬುದು ತಿಳಿಯುತ್ತದೆ. ಅವರು ವಿಧಾನಪರಿಷತ್ತಿನ ಸದಸ್ಯರಾದರು; 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯಸಮ್ಮೇಳನದ ಅಧ್ಯಕ್ಷರಾದರು; 2021ರಲ್ಲಿ ತೀರಿಕೊಂಡರು. 2022ರಲ್ಲಿ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪದ್ಮಶ್ರೀ ಪ್ರಶಸ್ತಿಯನ್ನು, ಗಣರಾಜ್ಯೋತ್ಸವದ ಸಂದರ್ಭದಲ್ಲಿಯೇ, ಘೋಷಿಸಿತು. ಒಂದು ರಾಷ್ಟ್ರೋತ್ಸವವನ್ನು ಪ್ರಶ್ನಿಸಿದ ಕವಿಗೆ ಮತ್ತೊಂದು ರಾಷ್ಟ್ರೋತ್ಸವವು ಮರ್ಯಾದೆಮಾಡಿತು. ಅನ್ಯದೇಶಗಳಲ್ಲಿಯೂ ಹೀಗೆಯೇ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸನು 1852ರ ಜುಲೈ 5ರಂದು, ಅಮೆರಿಕದ ಸ್ವಾತಂತ್ರ್ಯದಿನವು ಗುಲಾಮನಿಗೆ ಏನಾಗಬೇಕೆಂದು ಕೇಳಿದ ಭಾಷಣವನ್ನು ಇಂದು ಆ ದೇಶದ ಶಾಲೆಗಳಲ್ಲಿ ಓದಿಸುತ್ತಾರೆ. 2012ರ ಜುಲೈ 4ರಂದು ಕ್ರಿಸ್ ರಾಕ್ ಎಂಬ ಹಾಸ್ಯಗಾರನು ಅದೇ ಭಾವವನ್ನು ಒಂದು ಚುಟುಕು ಮಾತಿನಲ್ಲಿ ಹೇಳಿದಾಗ ಅವನನ್ನು ದೇಶಪ್ರೇಮವಿಲ್ಲದವನೆಂದು ಹಲವರು ಹಳಿದರು. ವಸ್ತುವು ಒಂದೇ, ಒಂದಕ್ಕೆ ಗಾಂಭೀರ್ಯವು ರಕ್ಷೆಯಾಯಿತು, ಮತ್ತೊಂದಕ್ಕೆ ನಗೆಯೇ ಅಪರಾಧವಾಯಿತು.

ಹಾಗೆಂದು ಹಾಸ್ಯಗಾರನ ಪ್ರತಿಯೊಂದು ಮಾತನ್ನೂ ಸಮರ್ಥಿಸಿದಂತಾಗಲಿಲ್ಲ. ನಾಟ್ಯಶಾಸ್ತ್ರದ ಕಡೆಯ ಅಧ್ಯಾಯದಲ್ಲಿ ಭರತಪುತ್ರರು ವಿದ್ಯಾಮದದಿಂದ ಋಷಿಗಳನ್ನು ಹಳಿಯುವ ಪ್ರಹಸನವನ್ನಾಡಿ ಶಾಪಗ್ರಸ್ತರಾದ ಕಥೆಯಿದೆ. ಗಲ್ಲಿಗೇರಿದವನ ಮರಣವನ್ನೇ ಆಲಂಬನಮಾಡಿಕೊಂಡು ನಗುವುದು, ಅಥವಾ ದುರ್ಬಲನ ದುರ್ಬಲತೆಯನ್ನು ನಗುವುದು ಹಾಸ್ಯಾಭಾಸವೇ ಹೊರತು ಹಾಸ್ಯವಲ್ಲ. ಆ ವೃದ್ಧರ ಮನಸ್ಸು ಹೆದರಿದ್ದು ಬಹುಶಃ ಇದಕ್ಕೆ. ಅಧಿಕಾರಿಗಳ ಲಂಚವನ್ನು 'ನರ್ಮಮಾಲೆ'ಯಲ್ಲಿ ನಿರ್ದಾಕ್ಷಿಣ್ಯವಾಗಿ ಹಂಗಿಸಿದ ಕಾಶ್ಮೀರದ ಕ್ಷೇಮೇಂದ್ರನೇ 'ಔಚಿತ್ಯವಿಚಾರಚರ್ಚೆ'ಯನ್ನೂ ಬರೆದನೆಂಬುದು ಮನನೀಯವಾದುದು. ಆದರೆ ಅನೌಚಿತ್ಯವು ಕಾವ್ಯದೋಷ; ಅದಕ್ಕೆ ಶಿಕ್ಷೆ ಸಹೃದಯರ ಮೌನ. ಕಾವ್ಯದೋಷವನ್ನು ರಾಜದ್ರೋಹವೆಂದೆಣಿಸುವುದು ಪ್ರಮಾಣಸಂಕರ. ಭರತಪುತ್ರರ ಪ್ರಸಂಗದಲ್ಲಿಯೂ ಶಾಪವು ನಟರಿಗೆ ತಗುಲಿತು, ನಾಟ್ಯವು ನಾಶವಾಗಲಿಲ್ಲ.

ಧರ್ಮಶಾಸ್ತ್ರವು ಹೇಗೋ ವ್ಯವಹಾರಶಾಸ್ತ್ರವೂ ಇದನ್ನು ಬಲ್ಲದು. 1971ರ ರಾಷ್ಟ್ರಗೌರವ ಸಂರಕ್ಷಣೆಯ ಅಧಿನಿಯಮವು ಧ್ವಜ, ಸಂವಿಧಾನ, ರಾಷ್ಟ್ರಗೀತೆಗಳನ್ನು ಕಾಯುತ್ತದೆ, ಪರ್ವದಿನಗಳ ಮಾತನ್ನೆತ್ತುವುದಿಲ್ಲ, ನ್ಯಾಯವಾದ ಮಾರ್ಗದಿಂದ ಬದಲಾವಣೆಯನ್ನು ಬಯಸುವ ಟೀಕೆಯು ಅಪರಾಧವಲ್ಲವೆಂದೂ ವಿವರಿಸುತ್ತದೆ. ಹಿಂಸೆಗಾಗಲಿ ಸಾರ್ವಜನಿಕ ಕ್ಷೋಭೆಗಾಗಲಿ ಪ್ರಚೋದಿಸದ ಮಾತು ರಾಜದ್ರೋಹವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ತೀರ್ಮಾನಿಸಿತು. ಹೀಗಿದ್ದರೂ 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರ ಮಕ್ಕಳು ಪೌರತ್ವದ ಕಾಯಿದೆಯನ್ನು ಕುರಿತು ಆಡಿದ ನಾಟಕಕ್ಕಾಗಿ ಮುಖ್ಯೋಪಾಧ್ಯಾಯಿನಿಯೂ ಒಂದು ಮಗುವಿನ ತಾಯಿಯೂ ಸೆರೆಯಾದರು. ಮಕ್ಕಳನ್ನು ಪೊಲೀಸರು ಪ್ರಶ್ನಿಸಿದರು. 2023ರ ಜೂನ್ ತಿಂಗಳಿನಲ್ಲಿ ಉಚ್ಚ ನ್ಯಾಯಾಲಯವು ಆ ಮೊಕದ್ದಮೆಯನ್ನು ವಜಾಮಾಡಿತು. ನಡುವಣ ಮೂರು ವರ್ಷಗಳನ್ನು ಯಾರೂ ವಜಾಮಾಡಲಾರರು. ಈ ಪತ್ರಿಕೆಯನ್ನು ಓದುವ ಉಪಾಧ್ಯಾಯರಲ್ಲಿ ಎಷ್ಟೋ ಮಂದಿ ಶಾಲೆಯ ಉತ್ಸವಕ್ಕೆ ನಾಟಕವನ್ನು ಆರಿಸತಕ್ಕವರು. ಅವರ ಕೈ ನಡುಗುವಂತಾದರೆ ಮಕ್ಕಳಿಗೆ ಉಳಿಯುವುದು ಬಾಯಿಪಾಠದ ಭಾಷಣವೊಂದೇ.

ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ. ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದವರು. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸವನ್ನು ಅನುಭವಿಸಿದವರು. ನಮ್ಮ ಜಿಲ್ಲೆಯು ಹುಟ್ಟಿದಾಗ ಮುಖ್ಯಮಂತ್ರಿಗಳಾಗಿದ್ದವರು. ಅವರ ವಿನೋದೋಕ್ತಿಗಳನ್ನು ಈ ಸೀಮೆಯವರು ಇಂದಿಗೂ ನೆನೆದು ನಗುತ್ತಾರೆ. ಅಧಿಕಾರದಲ್ಲಿದ್ದವರ ನಗೆಯನ್ನು ರಸಿಕತೆಯೆಂದು ಮೆಚ್ಚುವ ನಾವು, ಬಾವಿಕಟ್ಟೆಯ ಬಳಿ ನಿಂತವನ ನಗೆಯನ್ನು ದ್ರೋಹವೆಂದರೆ ನ್ಯಾಯವಾಗುವುದಿಲ್ಲ.

ಒಟ್ಟಿನಲ್ಲಿ ಸಿದ್ಧಾಂತವಿದು: ಪರ್ವದಿನವನ್ನು ಕುರಿತ ಹಾಸ್ಯವು ಆ ದಿನದ ವಾಗ್ದಾನವನ್ನು ಜ್ಞಾಪಿಸುವುದಾದರೆ ಅದು ಉತ್ಸವದ ಅಂಗವೇ, ತ್ಯಾಗಿಗಳನ್ನು ಹೀಯಾಳಿಸುವುದಾದರೆ ಅನೌಚಿತ್ಯ, ಎರಡು ಪಕ್ಷಗಳಲ್ಲಿಯೂ ದೇಶದ್ರೋಹವೆಂಬ ಹೆಸರು ಸಲ್ಲದು. ಎದ್ದುಹೋದ ಆ ವೃದ್ಧರು ಮತ್ತೆ ಸಿಕ್ಕಿದರೆ ಅವರಿಗೆ ಒಂದೇ ಮಾತನ್ನು ಬಿನ್ನವಿಸುತ್ತಿದ್ದೆನು: ಶ್ರಾದ್ಧದ ದಿನ ಮನೆಯ ಸಾಲದ ಮಾತು ಅನುಚಿತವೆಂಬುದು ದಿಟ, ಆದರೆ ಆ ಸಾಲವು ಪಿತೃಗಳಿಗೇ ಸಲ್ಲಬೇಕಾದ ಋಣವಾಗಿದ್ದರೆ, ಅದನ್ನು ನೆನೆಯಬೇಕಾದುದೂ ಆ ದಿನವೇ. ಇತ್ಯಲಂ.