ಜೋಡಿ ಸೈಕಲ್, ಬಾಯಿ ತುಂಬ ಮಾತು

ಸೈಕಲ್ ಊರು ಎಂದು ಹೆಸರಾದ ಜಾಗಗಳನ್ನು ಅಳೆಯುವವರು ಸೈಕಲ್ ಪಥದ ಕಿಲೋಮೀಟರ್ ಎಣಿಸುತ್ತಾರೆ, ಸ್ಟ್ಯಾಂಡುಗಳನ್ನು ಎಣಿಸುತ್ತಾರೆ. ನನ್ನ ಅಳತೆ ಬೇರೆ: ಇಬ್ಬರು ಅಕ್ಕಪಕ್ಕ ಸೈಕಲ್ ತುಳಿಯುತ್ತ, ಶುರು ಮಾಡಿದ ಮಾತನ್ನು ಮುಗಿಸಲಿಕ್ಕೆ ಆಗುತ್ತದೆಯೇ? ಕಾಲೇಜಿನ ದಿನಗಳಲ್ಲಿ ಮೈಸೂರಿನಲ್ಲಿ ಲೇಡೀಸ್ ಸೈಕಲ್ ಹತ್ತಿದವಳು ನಾನು, ಇನ್ನೂ ಇಳಿದಿಲ್ಲ. ಆದರೆ ನಮ್ಮಲ್ಲಿ ಸೈಕಲ್ ಸವಾರಿ ಒಂಟಿ ಬಾಳು. ರಸ್ತೆಯ ಎಡ ಅಂಚು ಹಿಡಿದು, ಕಿವಿಯನ್ನು ಹಿಂದಿನ ಹಾರನ್ನಿಗೆ ಕೊಟ್ಟು, ಒಬ್ಬರ ಹಿಂದೆ ಒಬ್ಬರು ಸಾಗಬೇಕು. ಗೆಳತಿ ಜೊತೆಗಿದ್ದರೂ ಮಾತೇನಿದ್ದರೂ ಸಿಗ್ನಲ್ಲಿನಲ್ಲಿ ನಿಂತಾಗಲೇ. ಈ ಬೇಸಿಗೆಯಲ್ಲಿ ಮಗಳ ಮನೆಗೆಂದು ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ಗೆ ಹೋದಾಗ ಮಾತ್ರ ಮೊಮ್ಮಗಳ ಪಕ್ಕದಲ್ಲೇ ಪೆಡಲು ತುಳಿಯುತ್ತ ಅವಳ ಕ್ಲಾಸಿನ ಜಗಳ, ರಾಜಿ, ಮತ್ತೆ ಜಗಳ, ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡೆ.

ಡಚ್ಚರ ಸಂಚಾರ ನಿಯಮವೇ ಇಬ್ಬರು ಸವಾರರು ಜೋಡಿಯಾಗಿ ಹೋಗಬಹುದು ಎನ್ನುತ್ತದೆ. ಅಲ್ಲಿ ಬಲಗಡೆ ಸಂಚಾರ. ಹಾಗಾಗಿ ಮಗು ಬಲಕ್ಕೆ, ಅಂಚಿನ ಕಡೆ. ದೊಡ್ಡವರು ಎಡಕ್ಕೆ, ವಾಹನಗಳ ಕಡೆ. ಏರು ಬಂದಾಗ, ಎದುರುಗಾಳಿ ಬೀಸಿದಾಗ ದೊಡ್ಡವರ ಬಲಗೈ ಮಗುವಿನ ಬೆನ್ನಿಗೆ ಹೋಗುತ್ತದೆ, ಹ್ಯಾಂಡಲ್ ಎಡಗೈಯೊಂದರಲ್ಲೇ. ಮೊದಲು ನೋಡಿದಾಗ ನನ್ನೆದೆ ಝಲ್ಲೆಂದಿತು. ಮಗಳನ್ನು ಗಮನಿಸುತ್ತ ಹೋದಂತೆ ಅದರ ಹದ ತಿಳಿಯಿತು. ಅಂಗೈ ಇರಬೇಕಾದ್ದು ಎರಡು ಹೆಗಲೆಲುಬುಗಳ ನಡುವೆ. ದೂಡಬಾರದು, ಒತ್ತಿ ಹಿಡಿದುಕೊಂಡು ತನ್ನ ಪೆಡಲನ್ನು ಒಂದಿಷ್ಟು ಬಿಗಿಯಾಗಿ ತುಳಿಯಬೇಕು. ದೂಡಿದರೆ ಮಗುವಿನ ಮುಂದಿನ ಚಕ್ರ ಓಲಾಡುತ್ತದೆ. ಒತ್ತಿ ಹಿಡಿದರೆ ಎರಡು ಸೈಕಲ್ ಒಂದೇ ವೇಗಕ್ಕೆ ಬರುತ್ತವೆ. ನಮ್ಮ ಕಡೆ ಸೀಟು ಹಿಡಿದು ಹಿಂದೆ ಓಡುತ್ತ ಸೈಕಲ್ ಕಲಿಸಿದ ಅಪ್ಪಂದಿರು ಇದನ್ನು ನೋಡಬೇಕಿತ್ತು.

ಮಗಳ ಮನೆಯಿರುವುದು ಆಮ್ಸ್ಟರ್‌ಡ್ಯಾಮ್–ರೈನ್ ಕಾಲುವೆಯಾಚೆಯ ಹೊಸ ಬಡಾವಣೆಯಲ್ಲಿ, ಹಳೇ ಪಟ್ಟಣ ಈಚೆಗೆ. ನಡುವೆ 2017ರಲ್ಲಿ ತೆರೆದ ಡಾಫ್ನೆ ಸ್ಖಿಪ್ಪರ್ಸ್ ಸೇತುವೆಯಿದೆ. ಉಟ್ರೆಕ್ಟ್‌ನಲ್ಲಿ ಹುಟ್ಟಿ 200 ಮೀಟರ್ ಓಟದಲ್ಲಿ ವಿಶ್ವ ಚಾಂಪಿಯನ್ ಆದ ಹೆಣ್ಣುಮಗಳ ಹೆಸರು. ಕಾರಿಗೆ ಪ್ರವೇಶವಿಲ್ಲ; ಸೈಕಲ್ಲಿನವರು, ನಡೆಯುವವರು ಅಷ್ಟೇ. ಸರಕು ದೋಣಿಗಳು ಅಡಿಯಲ್ಲಿ ಹಾಯಬೇಕಾದ್ದರಿಂದ ಸೇತುವೆ ಎತ್ತರ. ಎತ್ತರಕ್ಕೆ ತಕ್ಕಂತೆ ಸಲೀಸಾದ ಉದ್ದ ಏರು ಬೇಕು. ಏರಿಗೆ ಬೇಕಾದ ಜಾಗದಲ್ಲಿ ಶಾಲೆ ಬರಬೇಕಿತ್ತು. ಅವರು ಎರಡನ್ನೂ ಬಿಡಲಿಲ್ಲ. ಸೈಕಲ್ ಹಾದಿಯನ್ನು ಸುತ್ತು ಹಾಕಿಸಿ ಮಾಂಟೆಸ್ಸೋರಿ ಶಾಲೆಯ ತಾರಸಿಯ ಮೇಲೆಯೇ ಹಾಯಿಸಿದ್ದಾರೆ. ಕೆಳಗೆ ಪಾಠ, ಮೇಲೆ ಸೈಕಲ್ಲುಗಳ ಸಾಲು. ಗೇರಿಲ್ಲದ ಸೈಕಲ್ಲಿನಲ್ಲಿ, ಸೀಟಿನಿಂದ ಏಳದೆ, ಮೊಮ್ಮಗಳ ಪ್ರಶ್ನೆಗಳಿಗೆ ಉತ್ತರ ಹೇಳುತ್ತಲೇ ನಾನು ಆ ಏರನ್ನು ಹತ್ತುತ್ತಿದ್ದೆ. ಅದನ್ನು ಕಟ್ಟಿದವರಿಗೆ ಇದಕ್ಕಿಂತ ದೊಡ್ಡ ಶಿಫಾರಸು ಪತ್ರ ಕೊಡಲಾರೆ.

ರಸ್ತೆ ದಾಟುವಲ್ಲಿ ಗುರು ಅವಳೇ. ಕೂಡುರಸ್ತೆಗಳಲ್ಲಿ ನೆಲದ ಮೇಲೆ ಬಿಳಿ ತ್ರಿಕೋನಗಳ ಸಾಲು ಬರೆದಿರುತ್ತಾರೆ, ಶಾರ್ಕ್ ಮೀನಿನ ಹಲ್ಲು ಎನ್ನುತ್ತಾರೆ ಅದಕ್ಕೆ. “ಅಜ್ಜೀ, ಹಲ್ಲಿನ ಚೂಪು ನಮ್ಮ ಕಡೆ ಇದ್ರೆ ನಾವು ನಿಲ್ಬೇಕು. ಅವರ ಕಡೆ ಇದ್ರೆ ಅವರು ನಿಲ್ತಾರೆ, ನೀನು ಹೋಗ್ತಾ ಇರು.” ನಾನು ಅಭ್ಯಾಸ ಬಲದಿಂದ ಬ್ರೇಕಿಗೆ ಕೈ ಹಾಕಿದರೆ ಅವಳಿಗೆ ಸಿಟ್ಟು. ದೊಡ್ಡ ಕಾರೊಂದು ನಿಜಕ್ಕೂ ನಿಂತು, ಎರಡನೇ ಹಲ್ಲು ಬಿದ್ದು ಮೂರನೆಯದು ಅಲ್ಲಾಡುತ್ತಿದ್ದ ಹುಡುಗಿಗೆ ದಾರಿ ಬಿಟ್ಟಿತು. ಕಾರಿನವರಲ್ಲಿ ವಿಶೇಷ ಸಜ್ಜನಿಕೆಯೇನೂ ಕಾಣಲಿಲ್ಲ. ನಿಲ್ಲುವುದು ಅವರ ಸರದಿ, ನಿಂತರು.

ಇದು ಡಚ್ಚರ ರಕ್ತದಲ್ಲೇ ಬಂದ ಗುಣ ಎಂದು ಹೇಳುವವರಿದ್ದಾರೆ. ಚರಿತ್ರೆ ಬೇರೆ ಹೇಳುತ್ತದೆ. ಎರಡನೇ ಮಹಾಯುದ್ಧದ ನಂತರ ಆ ದೇಶವೂ ಕಾರಿಗೆ ಮಾರುಹೋಯಿತು. ಉಟ್ರೆಕ್ಟ್‌ನಲ್ಲೇ ಕೋಟೆಯ ಹಳೇ ಕಂದಕದ ಒಂದು ಭಾಗವನ್ನು ಒಣಗಿಸಿ 1970ರ ದಶಕದಲ್ಲಿ ಅಗಲದ ಕಾರು ರಸ್ತೆ ಹಾಸಿದರು. 1971ರಲ್ಲಿ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತ 1972ರಲ್ಲಿ ‘ದ ಟೈಡ್’ ಪತ್ರಿಕೆಯಲ್ಲಿ ಮಕ್ಕಳ ಕೊಲೆ ನಿಲ್ಲಿಸಿ ಎಂಬ ತಲೆಬರಹದಲ್ಲಿ ಬರೆದರು. ತಂದೆತಾಯಂದಿರು ಬೀದಿಗಿಳಿದರು, ಆ ತಲೆಬರಹವೇ ಚಳವಳಿಯ ಹೆಸರಾಯಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಲ್ಲಿಸಿದಾಗ ಜನ ಖಾಲಿ ಹೆದ್ದಾರಿಗಳಲ್ಲಿ ಸೈಕಲ್ ತುಳಿದರು. 1975ರಲ್ಲಿ ಸೈಕಲ್ ಸವಾರರ ಸಂಘ ಹುಟ್ಟಿತು. ಕಂದಕಕ್ಕೆ ಮತ್ತೆ ಪೂರ್ತಿಯಾಗಿ ನೀರು ಬಂದದ್ದು 2020ರಲ್ಲಿ. ಕಾರು ಓಡಿದ ಜಾಗದಲ್ಲಿ ಈಗ ದೋಣಿ ಓಡುತ್ತದೆ. ಒಂದು ತಪ್ಪನ್ನು ತಿದ್ದಲು ಸುಮಾರು ಅರ್ಧ ಶತಮಾನ ಹಿಡಿಯಿತು, ಆದರೆ ತಿದ್ದಿದರು.

ನಮ್ಮ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದದ್ದೂ ಆ ಸೇತುವೆ ತೆರೆದ 2017ರಲ್ಲೇ. ಸೈಕಲ್ ಕೊಡುವ ಕೆಲಸ ನಾವು ಮಾಡಿದೆವು. ಸೈಕಲ್ಲಿಗೆ ಜಾಗ ಕೊಡುವ ಕೆಲಸ ಉಳಿದಿದೆ. ಇನ್ನು ಮುಂದೆ ಯಾರಾದರೂ ರಸ್ತೆಯ ಅಂಚಿಗೆ ಬಣ್ಣ ಬಳಿದು ಇದೇ ಸೈಕಲ್ ಪಥ ಎಂದರೆ ಅದರಲ್ಲಿ ಎಷ್ಟು ಜನ ಪಕ್ಕಪಕ್ಕ ಹೋಗಬಹುದು ಎಂದು ಕೇಳಿ.

ಮತ್ತೆ ಡಚ್ಚರ ನಾಡಿಗೆ ಬಂದರೆ, ರಸ್ತೆಯ ಬಣ್ಣ, ಕಲ್ಲುಗಳ ಜೊತೆಗೆ ಕಾನೂನಿನ ಬೆಂಬಲವೂ ಅಲ್ಲಿದೆ. 14 ವರ್ಷದೊಳಗಿನ ಮಗು ಸೈಕಲ್ಲಿನಲ್ಲಿ ಹೋಗುತ್ತಿದ್ದು ಕಾರಿಗೆ ಸಿಕ್ಕಿದರೆ, ಮಗುವೇ ತಪ್ಪು ಮಾಡಿದ್ದರೂ ಪರಿಹಾರದ ಹೊಣೆ ಹೆಚ್ಚುಕಡಿಮೆ ಪೂರ್ತಿ ಕಾರಿನ ಕಡೆಯದೇ. ಹಾಗಂತ ಮಕ್ಕಳನ್ನು ಸುಮ್ಮನೆ ಬೀದಿಗೆ ಬಿಡುವುದಿಲ್ಲ. ಪ್ರಾಥಮಿಕ ಶಾಲೆ ಮುಗಿಯುವ ಹೊತ್ತಿಗೆ ಸಂಚಾರ ಪರೀಕ್ಷೆ ಇರುತ್ತದೆ, ಬರೆಯುವುದೊಂದು, ನಿಜವಾದ ರಸ್ತೆಯಲ್ಲಿ ಸೈಕಲ್ ತುಳಿದು ತೋರಿಸುವುದೊಂದು.

ಇನ್ನು ಸೈಕಲ್ಲಿನ ವಿಷಯ. ನನಗೆ ಸಿಕ್ಕಿದ್ದು ಸೆಕೆಂಡ್‌ಹ್ಯಾಂಡ್ ‘ಓಮಾಫಿಟ್ಸ್’, ಅಲ್ಲಿನ ಅಜ್ಜಿ ಸೈಕಲ್. ಹೆಸರು ಅಜ್ಜಿಯದಾದರೂ ಕಾಲೇಜು ಹುಡುಗಿಯರು ಮುಗಿಬಿದ್ದು ತುಳಿಯುವುದು ಇದನ್ನೇ. ಬೆನ್ನು ನೆಟ್ಟಗೆ, ಹ್ಯಾಂಡಲ್ ಹೊಟ್ಟೆಯ ಹತ್ತಿರಕ್ಕೆ, ಬಗ್ಗಿದ ಫ್ರೇಮು. ಚೈನ್ ಪೂರ್ತಿ ಡಬ್ಬಿಯೊಳಗೆ, ಹಿಂದಿನ ಚಕ್ರದ ಎರಡೂ ಬದಿಗೆ ಮುಚ್ಚಳ. ಸೆರಗು, ನೆರಿಗೆ ಯಾವುದಕ್ಕೂ ಭಯವಿಲ್ಲ. ತೂಕ ಮಾತ್ರ ಭೀಮನಂಥದ್ದು. ಹಲವು ಸೈಕಲ್‌ಗಳಲ್ಲಿ ಹಿಂದಿನ ಬ್ರೇಕು ಪೆಡಲಿನಲ್ಲೇ: ಹಿಮ್ಮುಖ ತುಳಿದರೆ ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸಿ ಹೊಂದಿಸಿಕೊಳ್ಳುವ ನಮ್ಮ ಚಟ ಅಲ್ಲಿ ನಡೆಯದು.

ರೈಲು ನಿಲ್ದಾಣದ ಚೌಕದಡಿಯ ಮೂರಂತಸ್ತಿನ ಸೈಕಲ್ ನಿಲ್ದಾಣವನ್ನೂ ನೋಡಲೇಬೇಕು. 2019ರಲ್ಲಿ ಪೂರ್ತಿಯಾದಾಗ 12,500 ಸೈಕಲ್‌ಗಳಿಗೆ ಜಾಗವಿದ್ದ ಅದು ಜಗತ್ತಿನಲ್ಲೇ ಅತಿ ದೊಡ್ಡದಾಗಿತ್ತು. ಇಳಿಯದೆ ತುಳಿದುಕೊಂಡೇ ಒಳಗೆ ಹೋಗಬಹುದು. ಯಾವ ಸಾಲಿನಲ್ಲಿ ಎಷ್ಟು ಜಾಗ ಖಾಲಿ ಎಂದು ಫಲಕಗಳು ತೋರಿಸುತ್ತವೆ. ಮೊದಲ 24 ಗಂಟೆ ಪುಕ್ಕಟೆ. ಮೇಲಿನ ಅಟ್ಟದ ಜಾಗ ಸಿಕ್ಕರೆ ತಟ್ಟೆಯನ್ನು ಎಳೆದು ಇಳಿಸಿ ಸೈಕಲ್ ಏರಿಸಬೇಕು. ನಾನು ಕೆಳಗಿನ ಸಾಲು ಹುಡುಕುತ್ತಿದ್ದೆ.

ದೂರುಗಳೂ ಇವೆ. ಗುಡ್ಡವಿಲ್ಲದ ಆ ನಾಡಿನಲ್ಲಿ ಗಾಳಿಯೇ ಗುಡ್ಡ. ದಪ್ಪ ಟೈರಿನ ಬ್ಯಾಟರಿ ಸೈಕಲ್ ಹತ್ತಿದ ಹುಡುಗರು ನಮ್ಮೂರಿನ ಬೈಕ್ ಹುಡುಗರಿಗೇನೂ ಕಡಿಮೆಯಿಲ್ಲ. ಕಳ್ಳರೂ ಧಾರಾಳ, ಒಂದು ಸೈಕಲ್ಲಿಗೆ ಎರಡು ಬೀಗ ಹಾಕುವುದು ವಾಡಿಕೆ.

ಈ ವರ್ಷ ಮಕ್ಕಳ ಮನೆಗೆ ಹೊರಟ ಅಜ್ಜ–ಅಜ್ಜಿಯರಿಗೆ ನನ್ನ ಸಲಹೆ: ಹೋಗುವ ಮೊದಲು ಇಲ್ಲೇ ಯಾವುದಾದರೂ ಮೈದಾನದಲ್ಲಿ ಸೈಕಲ್ ಹತ್ತಿ ಮಂಡಿಯನ್ನು ಪಳಗಿಸಿಕೊಳ್ಳಿ. ಕಾಲು ನೆಲಕ್ಕೆ ಸಿಗುವಂತೆ ಸೀಟು ಇಳಿಸಿಕೊಳ್ಳಿ. ಬೆಳಗಿನ ಶಾಲೆಯ ಗಡಿಬಿಡಿ ಮುಗಿದ ಮೇಲೆ ರಸ್ತೆಗಿಳಿಯಿರಿ. ಚಿಕ್ಕವನು ಇದ್ದರೆ ಮುಂದೆ ಮರದ ತೊಟ್ಟಿಯಿರುವ ‘ಬಾಕ್‌ಫಿಟ್ಸ್’ ಅನ್ನು ಮಗಳಿಗೋ ಅಳಿಯನಿಗೋ ಬಿಡಿ. ತೊಟ್ಟಿಯೊಳಗೆ ಎದ್ದು ಕುಣಿಯುವ ನಾಲ್ಕು ವರ್ಷದ ಪೋರನನ್ನು ಸಂಭಾಳಿಸಲು ತೋಳು ಗಟ್ಟಿ ಬೇಕು. ಪಾಠ ಹೇಳಿಸಿಕೊಳ್ಳಲು ಮೊಮ್ಮಗಳು ಸಾಕು. ಆದರೆ ತಡ ಮಾಡಬೇಡಿ. ಹನ್ನೆರಡು ತುಂಬಿ ದೊಡ್ಡ ಶಾಲೆಗೆ ಸೇರಿದ ಮೇಲೆ ಅಲ್ಲಿನ ಮಕ್ಕಳು ಗೆಳೆಯರ ಗುಂಪು ಕಟ್ಟಿಕೊಂಡು ತುಳಿಯುತ್ತಾರೆ, ಅಜ್ಜಿಯ ಪಕ್ಕದ ಜಾಗ ಖಾಲಿಯಾಗುತ್ತದೆ. ಮೊಮ್ಮಕ್ಕಳ ವಯಸ್ಸು ನೋಡಿಕೊಂಡು ಟಿಕೆಟ್ ತೆಗೆಸಿ.